ಕೂಗಿ ಕೂಗಿ ಅಡಗಿಕೊಂಡ ಮಧ್ಯಾಹ್ನ

ದಾಳ ಹಾಕಿ ಆಡುವ ಪಾತ್ರಗಳ ಆಟದಲ್ಲಿ ಸದ್ದಿಲ್ಲದೆ ಬಂದು ಕೊಂದು ಹೋಗುವವನ ಪಾತ್ರ ಆರಿಸಿಕೊಂಡರೆ ಇಡೀ ಮನೆಯಲ್ಲಿ ಜಾಸ್ತಿ ಗಲಾಟೆ ಮಾಡೋದು ನಾವೇ. ಇದು ನನಗೆ ಗೊತ್ತಾಗಿದ್ದು ಹೋದ ವರ್ಷ ಆಟಿ ತಿಂಗಳ ಹದಿನೆಂಟರ ಹಬ್ಬದ ದಿನ, ಕೊಡಗಿನ ಸುಂಟಿಕೊಪ್ಪದ ಹತ್ತಿರ ಅತ್ತೆ ಮನೆಯಲ್ಲಿ.

ಆಗಸ್ಟ್ ಶುರುವಿನ ಮಳೆ ಹೇಗಿರುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಎಲ್ಲೋ ಲೈನ್ ಮೇಲೆ ಮರ ಬಿದ್ದು ಹಿಂದಿನ ರಾತ್ರಿಯೇ ಕರೆಂಟ್ ಹೋಗಿತ್ತು, ಬೆಳಿಗ್ಗೆ ಹೊತ್ತಿಗೆ ಇನ್ವರ್ಟರೂ ಕೈಕೊಟ್ಟಿತ್ತು. ಫೋನ್ ಚಾರ್ಜ್ ಇಲ್ಲ, ಟಿವಿ ಇಲ್ಲ. ಆ ದಿನ ಮಾಡುವ ಮದ್ದು ಸೊಪ್ಪಿನ ಪಾಯಸ ತಿಂದು ಎಲ್ಲರ ನಾಲಿಗೆ ನೇರಳೆ. ಭಾವ ಮೈಸೂರಿನಿಂದ ಬರುವಾಗ ತಂದಿದ್ದ ಪುಸ್ತಕ, ದಾಳದ ಚೀಲ ತೆಗೆದು ಹಿಂದಿನ ಚಾವಡಿಯಲ್ಲಿ ಹರಡಿದ.

ಆಟದ ಹೆಸರು ಸ್ಟಾರ್‌ಫೈಂಡರ್. ಅಮೆರಿಕದ ಪೈಜೊ ಕಂಪನಿ 2017ರಲ್ಲಿ ತಂದ ಮೊದಲ ಆವೃತ್ತಿ ನಮ್ಮದು. ಲೇಸರ್ ಗನ್ನೂ ಇದೆ, ಮಂತ್ರವೂ ಇದೆ, ಅಂತರಿಕ್ಷ ಹಡಗಿನಲ್ಲಿ ಕೂತು ದೇವರಿಗೆ ಕೈ ಮುಗಿಯುವವರೂ ಇದ್ದಾರೆ. ಒಬ್ಬ ಆಟ ನಡೆಸುತ್ತಾನೆ, ಅವತ್ತು ಭಾವ, ಉಳಿದವರು ಒಂದೊಂದು ಪಾತ್ರ. ನಾನು ಹೀಗೆ ಮಾಡ್ತೀನಿ ಅಂತ ಬಾಯಲ್ಲಿ ಹೇಳಬೇಕು, ಆಯ್ತೋ ಇಲ್ವೋ ಅನ್ನೋದನ್ನ ದಾಳ ಹೇಳುತ್ತೆ. ಅಷ್ಟೇ.

ಭಾವನ ತಂಗಿ ವೆಸ್ಕ್ ಜಾತಿಯ ಸೈನಿಕಳು, ಅಂದ್ರೆ ಆಳೆತ್ತರ ಮೀರಿದ ಹಲ್ಲಿ, ಕೈಯಲ್ಲಿ ಭಾರೀ ಗನ್. ನನ್ನ ತಮ್ಮ ಟೆಕ್ನೋಮ್ಯಾನ್ಸರ್, ಕಂಪ್ಯೂಟರನ್ನೂ ಮಂತ್ರವನ್ನೂ ಒಟ್ಟಿಗೆ ಕಲಸಿ ಹೊಡೆಯುವವನು. ನನ್ನದು ಯಸೋಕಿ, ಇಲಿ ಮನುಷ್ಯ. ಕೆನ್ನೆ ಒಳಗೆ ಸಾಮಾನು ತುಂಬಿಕೊಳ್ಳಬಹುದು, ಕತ್ತಲಲ್ಲಿ ಕಣ್ಣು ಕಾಣುತ್ತೆ. ಹೆಸರು ಸುಂಡ ಅಂತ ಇಟ್ಟೆ. ಕಸುಬು ಆಪರೇಟಿವ್, ಅದರಲ್ಲೂ ಘೋಸ್ಟ್ ಅನ್ನೋ ಬಗೆ. ಬಾಡಿಗೆ ಕೊಲೆಗಾರ ಅನ್ನಿ.

ಅವತ್ತಿನ ಕೆಲಸ ಆಟದೊಳಗಿನ ಅಬ್ಸಲೋಮ್ ಅನ್ನೋ ಅಂತರಿಕ್ಷ ನಿಲ್ದಾಣದ ಹಡಗುಕಟ್ಟೆಯಲ್ಲಿ. ಅಲ್ಲೊಬ್ಬ ಕಳ್ಳಸಾಗಣೆ ಧಣಿ, ಅವನನ್ನ ಮುಗಿಸಬೇಕು. ಗೋದಾಮಿನ ಮೇಲೆ ಕಬ್ಬಿಣದ ಜಾಲರಿ ದಾರಿ, ಕೆಳಗೆ ಕಾವಲುಗಾರರು, ಜೊತೆಗೆ ಮೂಗು ಚುರುಕಿರುವ ಒಂದು ಪ್ರಾಣಿ. ನಾನೊಬ್ಬಳೇ ಮುಂದೆ ಹೋಗೋದು, ಉಳಿದವರು ಬಾಗಿಲ ಹೊರಗೆ ಕಾಯೋದು ಅಂತ ತೀರ್ಮಾನವಾಯ್ತು.

ಚಾವಡಿಗೆ ಶೀಟಿನ ಮಾಡು. ಅದರ ಮೇಲೆ ಬೀಳುವ ಮಳೆಯಲ್ಲಿ ಎದುರಿಗೆ ಕೂತವರ ಮಾತೂ ಕೇಳೋದಿಲ್ಲ. ಹಾಗಾಗಿ ನಾನು ಗಂಟಲು ಹರಿದುಕೊಂಡು ಕೂಗ್ತಿದ್ದೆ, "ಭಾವ, ನಾನು ಮೆಲ್ಲಗೆ ಹೋಗ್ತಿದ್ದೀನಿ!"

"ಏನು?"

"ಮೆಲ್ಲಗೆ! ಸದ್ದೇ ಇಲ್ದೆ!"

ಅಡುಗೆಮನೆಯಿಂದ ಅತ್ತೆ ಬಂದರು. "ಏ ಹುಡುಗಿ, ಕುತ್ತಿಗೆಗೆ ಹಾಕ್ತೀನಿ, ಕೊಲ್ತೀನಿ ಅಂತೆಲ್ಲ ಅಷ್ಟು ಜೋರಾಗಿ ಕೂಗಬೇಡ ಮಾರಾಯ್ತಿ. ತೋಟದ ಲೈನ್‌ಮನೆಯವರು ಕೇಳಿಸಿಕೊಂಡರೆ ಏನು ತಿಳ್ಕೊಳ್ತಾರೆ?"

ನಗು ಬಂದರೂ ಅವರು ಹೇಳಿದ್ದು ಸರಿಯೇ. ಪುಸ್ತಕದಲ್ಲೋ ಸಿನಿಮಾದಲ್ಲೋ ಕೊಲೆಗಾರ ಸುಮ್ನೆ ನೆರಳಿನಲ್ಲಿ ನಿಂತರೆ ಸಾಕು. ಇಲ್ಲಿ ನೆರಳು ಎಲ್ಲಿದೆ ಅಂತ ನಾನೇ ಕೇಳಬೇಕು, ಕಾಲು ಎಲ್ಲಿಡ್ತೀನಿ ಅಂತ ನಾನೇ ಹೇಳಬೇಕು, ಬಾಯಿ ಮುಚ್ಚಿದರೆ ಸುಂಡ ಅಲ್ಲೇ ನಿಂತುಬಿಡ್ತಾನೆ. ಹೊರಗೆ ಕಾಯುವ ಇಬ್ಬರು ಎಲ್ಲವನ್ನೂ ಕೇಳಿಸಿಕೊಂಡು ಏನೂ ಗೊತ್ತಿಲ್ಲದವರ ಹಾಗೆ ಕೂರಬೇಕು, ಅದು ಇನ್ನೂ ಕಷ್ಟ. ಭಾವನ ತಂಗಿ ಹಲಸಿನ ಬೀಜ ಸುಲಿಯುತ್ತಾ ಮತ್ತೆ ಮತ್ತೆ ಕೇಳ್ತಿದ್ದಳು, "ಅಕ್ಕ, ಬಾಗಿಲು ಒಡೆದು ಬರ್ಲಾ?"

ಜಾಲರಿ ದಾರಿ ಅಂದಾಗ ನನಗೆ ನೆನಪಾದದ್ದು ಜನವರಿಯ ಕಾಫಿ ತೋಟ. ಒಣಗಿದ ಸಿಲ್ವರ್ ಓಕ್ ಎಲೆ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದ ಹಾಗೆ ಸದ್ದು, ಮಳೆಗಾಲದಲ್ಲಿ ಅದೇ ಎಲೆ ಮೆತ್ತಗೆ, ಸದ್ದೇ ಇಲ್ಲ. ಮಳೆಗಾಲದಲ್ಲಿ ಆನೆ ಹತ್ತು ಮಾರು ದೂರದಲ್ಲಿ ಗಿಡಗಳ ನಡುವೆ ನಿಂತಿದ್ದರೂ ಗೊತ್ತಾಗೋದಿಲ್ಲ. ಇದನ್ನೆಲ್ಲ ಹೇಳಿ ಜಾಲರಿ ಮೇಲೆ ನೀರು, ಎಣ್ಣೆ ಏನಾದ್ರೂ ಇದೆಯಾ ಅಂತ ಭಾವನನ್ನ ಕೇಳಿದೆ. ಇಲ್ಲ ಅಂದ. ಕಂಬಿ ಸೇರುವ ಕಡೆ ಮಾತ್ರ ಕಾಲಿಡ್ತೀನಿ, ನಡುವೆ ಅಲ್ಲ, ನಡುವೆ ಇಟ್ಟರೆ ಜಾಲರಿ ಬಳುಕುತ್ತೆ ಅಂದೆ. ತಲೆ ಆಡಿಸಿದ.

ಅಷ್ಟು ಹೊತ್ತೂ ಒಲೆ ಹತ್ತಿರ ಕೂತು ಬೆಂಕಿ ಕಾಯಿಸ್ತಿದ್ದ ಮಾವ ಮೊದಲ ಸಲ ಬಾಯಿ ಬಿಟ್ಟರು. "ಗಾಳಿ ಯಾವ ಕಡೆಯಿಂದ ಬರ್ತಿದೆ ಅಂತ ಕೇಳಮ್ಮ."

ಮಾವನ ಅಪ್ಪ ಬೇಟೆಗೆ ಹೋಗ್ತಿದ್ದವರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ನಿಂತಿತು, ಮಾತು ಮಾತ್ರ ಮನೆಯಲ್ಲಿ ಉಳಿದಿದೆ. ಅಂತರಿಕ್ಷ ನಿಲ್ದಾಣದಲ್ಲಿ ಎಲ್ಲಿಯ ಗಾಳಿ ಅಂತ ತಮ್ಮ ನಕ್ಕ. ಭಾವ ನಗಲಿಲ್ಲ. ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿಕೊಂಡಿದ್ದು, "ಫ್ಯಾನ್ ಇರುತ್ತೆ. ಒಳಗಿನ ಗಾಳಿ ಹೊರಗೆಳೆಯುವ ದೊಡ್ಡ ಫ್ಯಾನ್, ಉತ್ತರದ ಗೋಡೆಯಲ್ಲಿ" ಅಂದ. ಹಾಗಾದ್ರೆ ನಾನು ಆ ಫ್ಯಾನಿನ ಕಡೆಯಿಂದಲೇ ಇಳೀತೀನಿ, ನನ್ನ ವಾಸನೆ ಆ ಪ್ರಾಣಿಗೆ ಹೋಗೋದಿಲ್ಲ ಅಂದೆ. ನಿಯಮದ ಪ್ರಕಾರ ಇಂಥದಕ್ಕೆ ಆಟ ನಡೆಸುವವನು ದಾಳದ ಲೆಕ್ಕಕ್ಕೆ +2 ಕೊಡಬಹುದು. ಕೊಟ್ಟ. ಮಾವ ಮತ್ತೆ ಬೆಂಕಿ ಕಡೆ ತಿರುಗಿದರು, ಆಟದ ಹೆಸರೂ ಕೇಳಲಿಲ್ಲ.

ಧಣಿಯ ಬೆನ್ನ ಹಿಂದೆ ತಲುಪಿದೆ. ಈಗ ಟ್ರಿಕ್ ಅಟ್ಯಾಕ್, ಅಂದ್ರೆ ಏಮಾರಿಸಿ ಹೊಡೆಯೋದು. ದಾಳ ಹಾಕಿದಾಗ ಎದುರಾಳಿಯ ಮಟ್ಟಕ್ಕೆ 20 ಸೇರಿಸಿದಷ್ಟು ನನ್ನ ಸ್ಟೆಲ್ತ್, ಅಂದ್ರೆ ಸದ್ದಿಲ್ಲದೆ ಸಾಗುವ ಕೌಶಲ, ಬರಬೇಕು. ಅವನು ಐದರ ಮಟ್ಟದವನು, ಅಂದ್ರೆ 25. ಸುಂಡ ನಾಲ್ಕನೇ ಲೆವೆಲ್, ಎಲ್ಲ ಸೇರಿಸಿ ಈ ಏಟಿಗೆ +20, ಇಪ್ಪತ್ತು ಮುಖದ ದಾಳದಲ್ಲಿ 5 ಬಿದ್ದರೂ ಸಾಕು. ಪಾಯಸದ ಬಣ್ಣ ಹತ್ತಿದ ಬೆರಳಿನಲ್ಲಿ ಹಾಕಿದೆ. ಬಿಳಿ ದಾಳದ ಒಂದು ಮೂಲೆ ನೇರಳೆ ಆಯ್ತು, ಭಾವನ ಮುಖ ಕೆಂಪಾಯ್ತು. ಬಿದ್ದದ್ದು 13. ಗುಂಡೂ ತಾಗಿತು. ಲೇಸರ್ ಪಿಸ್ತೂಲಿಗೆ 3, ಟ್ರಿಕ್ಕಿಗೆ 6, ಪಳಗಿದ ಕೈಗೆ 2. ಒಟ್ಟು ಪೆಟ್ಟು ಹನ್ನೊಂದು.

ಧಣಿಯ ಜೀವ ಎಪ್ಪತ್ತು!

ಈ ಆಟದಲ್ಲಿ ಇಂಥ ಧಣಿ ಒಂದೇ ಏಟಿಗೆ ಸಾಯೋದಿಲ್ಲ, ಅದು ನನಗೆ ಇಷ್ಟವೂ ಆಯ್ತು. ಅಷ್ಟೆಲ್ಲ ಉಸಿರು ಬಿಗಿಹಿಡಿದು ಹೋದವನಿಗೆ ಸಿಗೋದು ಕೊಲೆಯಲ್ಲ, ಒಂದು ಸುತ್ತಿನ ತಬ್ಬಿಬ್ಬು. ನಾಲ್ಕನೇ ಲೆವೆಲ್ಲಿನಿಂದ ಟ್ರಿಕ್ಕಿನ ಏಟು ತಾಗಿದರೆ ನನ್ನ ಮುಂದಿನ ಸರದಿವರೆಗೂ ಅವನ ರಕ್ಷಣೆ ಎರಡು ಕಮ್ಮಿ, ಅದು ಎಲ್ಲರಿಗೂ ಲಾಭ. ಆ ಎರಡನ್ನ ಬಳಸಿಕೊಳ್ಳೋಕೆ ಜೊತೆಯವರು ಇರಬೇಕು, ಇಲ್ಲದಿದ್ದರೆ ಸುಂಡ ಗೋದಾಮಿನ ನಡುವೆ ಒಂಟಿ ಇಲಿ.

"ಈಗ ಬಾರೇ!" ಅಂದೆ. ಹಲಸಿನ ಬೀಜದ ತಟ್ಟೆ ಪಕ್ಕಕ್ಕೆ ಹೋಯ್ತು, ಬಾಗಿಲು ಹಾರಿತು. ಧಣಿಯನ್ನ ಕೊನೆಗೆ ಬೀಳಿಸಿದ್ದು ಅವಳೇ. ಹೆಸರು ಮಾತ್ರ ನನ್ನದು, ಕೊಲೆಗಾರ ನಾನಲ್ವಾ.

ಐದನೇ ಲೆವೆಲ್ಲಿಗೆ ಟ್ರಿಕ್ಕಿನ ದಾಳ ಒಂದರ ಬದಲು ಮೂರಾಗುತ್ತೆ, ಘೋಸ್ಟ್‌ಗೆ ಕಣ್ಣಿಗೆ ಬೀಳದ ಹಾಗೆ ಮಾಡುವ ಹೊದಿಕೆಯೂ ಸಿಗುತ್ತೆ. ಕೈಲ್‌ಮುಹೂರ್ತ ಹಬ್ಬಕ್ಕೆ ರಜೆ ಹಾಕಿ ಬರ್ತೀನಿ ಅಂದ ಭಾವ. ಒಳಗಿನ ಕೋಣೆಯಲ್ಲೇ ಆಡೋಣ, ಅಲ್ಲಿ ಹಂಚಿನ ಮಾಡು ಅಂದೆ.