ಮಲಕಾಲ್ ಬಾರ್ಜಿಗೆ ಯಾವ ಗಾಡಿ?

ಜುಬಾ, ದಕ್ಷಿಣ ಸುಡಾನ್
8 ಜೂನ್ 2019, ಶನಿವಾರ

ರಜೆ ದಿನವಾದರೂ ವಿಶ್ವಸಂಸ್ಥೆಯ ಶಾಂತಿಪಾಲನಾ ಮಿಷನ್ನಿನ ನಮ್ಮ ವರ್ಕ್‌ಶಾಪಿನಲ್ಲಿ ಇವತ್ತು ಅರ್ಧಕ್ಕರ್ಧ ಜನ ಇದ್ದರು. ದೇಶದ ಉತ್ತರದಲ್ಲಿರುವ ಮಲಕಾಲ್ ಊರಿಗೆ ಹೊರಡುವ ಬಾರ್ಜಿಗೆ ಯಾವ ಗಾಡಿ ಹತ್ತಿಸಬೇಕು, ಯಾವುದನ್ನು ಇಲ್ಲೇ ಉಳಿಸಿಕೊಳ್ಳಬೇಕು ಎನ್ನುವ ಪಟ್ಟಿ ಇವತ್ತೇ ಮುಗಿಯಬೇಕಿತ್ತು. ಬೆಳಿಗ್ಗೆ ಕೂತವರು ಸಂಜೆ ಎದ್ದೆವು. ಪಟ್ಟಿ ಮುಗಿದಿದೆ. ತಲೆಯಲ್ಲಿ ಇನ್ನೂ ಅದೇ ಓಡುತ್ತಿದೆ. ಹಾಗಾಗಿ ಬರೆದಿಡುತ್ತಿದ್ದೇನೆ.

ಅವಸರ ಯಾಕೆ ಅಂದರೆ, ಮಳೆ ಶುರುವಾಗಿದೆ. ಇನ್ನು ಅಕ್ಟೋಬರ್, ನವೆಂಬರ್ ತನಕ ಮಲಕಾಲ್‌ಗೆ ರಸ್ತೆಯಲ್ಲಿ ಭಾರದ ಸಾಮಾನು ಕಳಿಸುವ ಮಾತೇ ಇಲ್ಲ. ಬಿಳಿ ನೈಲ್ ನದಿಯೊಂದೇ ದಾರಿ. ಬಾರ್ಜ್ ಅಂದರೆ ಚಪ್ಪಟೆ ತಳದ ಉದ್ದನೆ ದೋಣಿ, ಹಿಂದಿನಿಂದ ಟಗ್ ಬೋಟ್ ತಳ್ಳಿಕೊಂಡು ಹೋಗುತ್ತದೆ. ನದಿ ಸುಡ್ ಜೌಗು ಪ್ರದೇಶದ ನಡುವೆ ಹಾಯುತ್ತದೆ. ಜಗತ್ತಿನ ಅತಿ ದೊಡ್ಡ ಜೌಗುಗಳಲ್ಲಿ ಅದೂ ಒಂದು. ತೇಲುವ ಹುಲ್ಲು, ಆಪು, ತಿರುವಿನ ಮೇಲೆ ತಿರುವು. ಕಾವಲಿಗೆ ಸೈನಿಕರು ಜೊತೆಗೆ ಹೋಗಬೇಕು. ಒಂದು ಬಾರ್ಜ್ ತಪ್ಪಿದರೆ ಮುಂದಿನದು ಯಾವಾಗ ಎಂದು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಡೆಕ್ಕಿನ ಮೇಲೆ ಜಾಗ ಅಳತೆಯದ್ದು. ಒಂದು ಲಾರಿ ಹತ್ತಿದರೆ ಮೂರು ಜೀಪು ಇಳಿಯಬೇಕು.

ಮಲಕಾಲ್‌ನಲ್ಲಿ ನಮ್ಮ ನೆಲೆಗೆ ಅಂಟಿಕೊಂಡೇ ನಿರಾಶ್ರಿತರ ಶಿಬಿರ ಇದೆ. 2013ರ ಡಿಸೆಂಬರ್‌ನಲ್ಲಿ ಯುದ್ಧ ಶುರುವಾದಾಗ ಓಡಿಬಂದವರು ಅವರು. ಈಗಲೂ 20,000ಕ್ಕೂ ಜಾಸ್ತಿ ಜನ ಅಲ್ಲೇ ಇದ್ದಾರೆ. ಕಳೆದ ಸೆಪ್ಟೆಂಬರ್‌ನಲ್ಲಿ ಶಾಂತಿ ಒಪ್ಪಂದವೇನೋ ಆಯಿತು. ಆದರೆ ಹೊಸ ಸರ್ಕಾರ ರಚನೆಯನ್ನು ಕಳೆದ ತಿಂಗಳು ಮತ್ತೆ ಆರು ತಿಂಗಳು ಮುಂದೂಡಿದರು. ಹಾಗಿರುವಾಗ ಜನ ಯಾವ ಧೈರ್ಯದ ಮೇಲೆ ಮನೆಗೆ ಹೋಗಬೇಕು?

ಊರಿನಿಂದ ಫೋನ್ ಮಾಡುವವರು, ಗಾಡಿ ಲೆಕ್ಕ ಇಟ್ಟುಕೊಂಡರೆ ಶಾಂತಿ ಹೇಗೆ ಕಾಪಾಡಿದಂತಾಯಿತು ಎಂದು ಕೇಳುತ್ತಾರೆ. ಕಳೆದ ನವೆಂಬರ್‌ನಲ್ಲಿ ಬೆಂಟಿಯು ಬಳಿ ನಡೆದದ್ದನ್ನು ನಾನು ಅವರಿಗೆ ಹೇಳುತ್ತೇನೆ. ರೇಷನ್ನಿಗೆಂದು ಬೆಂಟಿಯುಗೆ ನಡೆದು ಬರುತ್ತಿದ್ದ ಹೆಂಗಸರ ಮೇಲೆ ದಾರಿಯಲ್ಲಿ ದೌರ್ಜನ್ಯ ನಡೆಯಿತು. ಹತ್ತೇ ದಿನದಲ್ಲಿ 125 ಹೆಂಗಸರಿಗೆ, ಹುಡುಗಿಯರಿಗೆ ಚಿಕಿತ್ಸೆ ಕೊಟ್ಟೆವು ಎಂದು ಎಂಎಸ್ಎಫ್ ಎನ್ನುವ ವೈದ್ಯಕೀಯ ನೆರವು ಸಂಸ್ಥೆಯ ವೈದ್ಯರು ಹೇಳಿದರು. ಆಮೇಲೆ ಆ ದಾರಿಗಳಲ್ಲಿ ಗಸ್ತು ಹೆಚ್ಚಿಸಿದರು, ರಸ್ತೆ ಪಕ್ಕದ ಪೊದೆ ಕಡಿಸಿದರು. ಗಸ್ತು ಅಂದರೆ ಏನು? ಗಾಡಿ. ಬೆಳಿಗ್ಗೆ ಆರಕ್ಕೆ ಸ್ಟಾರ್ಟ್ ಆಗುವ, ಕೆಸರಿನಲ್ಲಿ ಹೂತರೆ ಎದ್ದು ಬರುವ, ಸಂಜೆ ವಾಪಸ್ ಬರುವ ಗಾಡಿ. ಅದು ಶೆಡ್ಡಿನಲ್ಲಿ ನಿಂತಿದ್ದರೆ ಆ ದಿನ ಆ ದಾರಿಯಲ್ಲಿ ಹೆಂಗಸರು ಒಂಟಿ.

ಮಿಷನ್ನಿನಲ್ಲಿ ಎರಡು ಥರದ ಗಾಡಿಗಳು. ಒಂದು, ವಿಶ್ವಸಂಸ್ಥೆಯೇ ಕೊಂಡವು. ಅವು ನನ್ನ ಕೈಕೆಳಗೆ ಬರುತ್ತವೆ. ಇನ್ನೊಂದು, ಸೈನ್ಯ ಕಳಿಸುವ ದೇಶಗಳು ತಾವೇ ತರುವಂಥವು. ನಮ್ಮ ಭಾರತದ ತುಕಡಿಗಳು ಮಲಕಾಲ್‌ನಲ್ಲೂ ಬೋರ್‌ನಲ್ಲೂ ಇವೆ. ಬಿಳಿ ಬಣ್ಣ ಬಳಿದ, ನಮ್ಮ ಸೇನೆಯ ಸ್ಟ್ಯಾಲಿಯನ್ ಲಾರಿ ಕಂಡರೆ ನನಗೆ ಈಗಲೂ ಖುಷಿ. ಇಂಥ ಗಾಡಿಗೆ ವಿಶ್ವಸಂಸ್ಥೆ ಆ ದೇಶಕ್ಕೆ ಬಾಡಿಗೆ ಕೊಡುತ್ತದೆ. ರಿಪೇರಿಯೂ ಆ ದೇಶದ್ದೇ ಆದರೆ ವೆಟ್ ಲೀಸ್, ವಿಶ್ವಸಂಸ್ಥೆ ನೋಡಿಕೊಂಡರೆ ಡ್ರೈ ಲೀಸ್. ಮೂರು ತಿಂಗಳಿಗೊಮ್ಮೆ ತಪಾಸಣೆ. ಒಂದೊಂದು ಬಗೆಯ ಗಾಡಿಯಲ್ಲೂ ನೂರಕ್ಕೆ ತೊಂಬತ್ತಾದರೂ ಓಡುವ ಸ್ಥಿತಿಯಲ್ಲಿರಬೇಕು. ಕಡಿಮೆಯಾದರೆ ಬಾಡಿಗೆ ಕತ್ತರಿಸುತ್ತಾರೆ.

ಈ ತೊಂಬತ್ತು ಒಳ್ಳೆಯ ನಿಯಮವೇ. ಆದರೆ ನೂರು ಗಾಡಿಯಲ್ಲಿ ತೊಂಬತ್ತು ಓಡುತ್ತಿವೆ ಅಂದಾಗ ನಾನು ಮೊದಲು ಕೇಳುವುದು, ಆ ಹತ್ತು ಎಲ್ಲಿವೆ? ಹತ್ತೂ ಜುಬಾದಲ್ಲಿ ನಿಂತಿದ್ದರೆ ಚಿಂತೆ ಇಲ್ಲ. ಇಲ್ಲಿ ಟಾರು ರಸ್ತೆ ಇದೆ, ಪೇಟೆ ಇದೆ, ಮೆಕ್ಯಾನಿಕ್ ಇದ್ದಾನೆ. ಹತ್ತರಲ್ಲಿ ಎರಡೇ ಎರಡು ಮಲಕಾಲ್‌ನಲ್ಲಿದ್ದು, ಆ ಎರಡೂ ನೀರಿನ ಟ್ಯಾಂಕರ್ ಆಗಿದ್ದರೆ? ಕಂಪ್ಯೂಟರಿನಲ್ಲಿ ಅಂಕಿ ಅದೇ ತೊಂಬತ್ತು. ಅಲ್ಲಿ ಮಾತ್ರ ನೀರಿಲ್ಲ. ನಾನು ಈ ಕೆಲಸದಲ್ಲಿ ಹಠ ಹಿಡಿಯುವುದು ಇದೊಂದಕ್ಕೇ. ಮಳೆ ಬಂದು ದಾರಿ ಮುಚ್ಚುವ ಮೊದಲು ಸರಿಯಾದ ಗಾಡಿ ಸರಿಯಾದ ಊರಿನಲ್ಲಿ ಇರಬೇಕು. ಒಟ್ಟು ಲೆಕ್ಕ ಆಮೇಲೆ ನೋಡಿಕೊಳ್ಳೋಣ.

ಮಣ್ಣಿನ ವಿಷಯ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ನಾನು ರೋಣದ ಕಡೆಯವನು. ಎರೆಭೂಮಿ ಅಂದರೆ ಏನೆಂದು ಹೇಳಿಕೊಡಬೇಕಿಲ್ಲ. ಇಲ್ಲಿ ಜೊಂಗ್ಲೈ, ಅಪ್ಪರ್ ನೈಲ್ ಭಾಗದಲ್ಲಿ ಮೈಲಿಗಟ್ಟಲೆ ಇರುವುದು ಅದೇ ಕರಿ ಎರೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಷ್ಟು ಗಟ್ಟಿ. ಒಂದು ದೊಡ್ಡ ಮಳೆ ಬಿದ್ದರೆ ಉಬ್ಬಿ, ಮೆತ್ತಗಾಗಿ, ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ. ಮೊದಲು ಟೈರಿನ ಗೆರೆ ತುಂಬುತ್ತದೆ. ಆಮೇಲೆ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಜಾಗ ತುಂಬುತ್ತದೆ. ಕೊನೆಗೆ ನಾಲ್ಕೂ ಚಕ್ರಕ್ಕೆ ಶಕ್ತಿ ಇದ್ದರೂ ಒಂದೂ ತಿರುಗುವುದಿಲ್ಲ. ನಮ್ಮೂರಲ್ಲಿ ಮಳೆಯಾದ ಮೇಲೆ ಹದ ಬರುವ ತನಕ ಎರೆ ಹೊಲಕ್ಕೆ ಯಾರೂ ಚಕ್ಕಡಿ ಇಳಿಸುವುದಿಲ್ಲ. ಇಲ್ಲಿಯ ಜನಕ್ಕೂ ಅದು ಗೊತ್ತು. ಹೊರಗಿನಿಂದ ಬಂದ ಹೊಸ ಚಾಲಕರಿಗೆ ಅದನ್ನು ಕಲಿಸಬೇಕು. ಮುರ್ರಂ, ಅಂದರೆ ಗರಸು ಮಣ್ಣು ಹಾಕಿದ ರಸ್ತೆ ಸ್ವಲ್ಪ ತಡೆಯುತ್ತದೆ, ಆದರೆ ಭಾರದ ಲಾರಿ ಒದ್ದೆಯಲ್ಲಿ ಹೋದರೆ ಅದೂ ಕಿತ್ತುಹೋಗುತ್ತದೆ. ಬೋರ್‌ನಲ್ಲಿರುವ ಕೊರಿಯಾದ ಎಂಜಿನಿಯರ್ ತುಕಡಿ ಜುಬಾ-ಬೋರ್ ದಾರಿ ರಿಪೇರಿಗೆ ಎಷ್ಟು ಶ್ರಮ ಹಾಕುತ್ತದೆ ಎಂದು ನೋಡಿದವರಿಗೇ ಗೊತ್ತು.

ನೀರು ದಾಟುವಾಗ ಡಿಫರೆನ್ಷಿಯಲ್ ಒಳಗೆ, ಅಂದರೆ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆಯೊಳಗೆ, ನೀರು ಹೋದರೆ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಹಾಗೇ ಓಡಿಸಿದರೆ ಬೇರಿಂಗ್, ಗೇರ್ ಎರಡೂ ಹೋದವು. ಪ್ಲಗ್ ಬಿಚ್ಚಿ ನೋಡುವುದು ಹತ್ತು ನಿಮಿಷದ ಕೆಲಸ. ಮಳೆಗಾಲದಲ್ಲಿ ಪ್ರತಿ ದೂರದ ಗಸ್ತಿನ ನಂತರ ನೋಡಲೇಬೇಕು ಎಂದು ನಾನು ಎಲ್ಲ ಊರಿಗೂ ಬರೆದು ಕಳಿಸಿದ್ದೇನೆ.

ಪಟ್ಟಿಯ ಮೇಲೆ ಇವತ್ತು ಜೋರು ಚರ್ಚೆ ಆಗಿದ್ದು ಹಳೆಯ ಲ್ಯಾಂಡ್ ಕ್ರೂಸರ್‌ಗಳ ಬಗ್ಗೆ. ಎಪ್ಪತ್ತರ ಸರಣಿಯವು. 1984ರಲ್ಲಿ ಬಂದ ವಿನ್ಯಾಸ, ಈಗಲೂ ಹೆಚ್ಚೂಕಡಿಮೆ ಅದೇ ಆಕಾರ. 4.2 ಲೀಟರಿನ ಆರು ಸಿಲಿಂಡರ್ ಡೀಸೆಲ್ ಎಂಜಿನ್. ಟರ್ಬೊ ಇಲ್ಲ, ಇಂಧನ ಪಂಪಿಗೆ ಕಂಪ್ಯೂಟರ್ ಇಲ್ಲ. ವೇಗ ಕಡಿಮೆ, ಹೊಗೆ ಜಾಸ್ತಿ, ಕೂತರೆ ಸೊಂಟ ಹಿಡಿಯುತ್ತದೆ. ಇವನ್ನು ಜುಬಾದಲ್ಲಿಟ್ಟು ಹೊಸ ಮಾದರಿಯವನ್ನು ಮಲಕಾಲ್‌ಗೆ ಕಳಿಸೋಣ, ದೂರದಲ್ಲಿರುವವರಿಗೆ ಒಳ್ಳೆಯ ಗಾಡಿ ಸಿಗಲಿ ಎಂದು ಒಬ್ಬರು ಹೇಳಿದರು. ಅವರ ಮನಸ್ಸು ಒಳ್ಳೆಯದು. ಆದರೆ ಹೊಸ ಎಂಜಿನ್ ಶುದ್ಧ ಡೀಸೆಲ್ ಕೇಳುತ್ತದೆ. ಇಂಜೆಕ್ಟರ್‌ಗೆ ಕೊಳೆ ಹೋದರೆ ಲ್ಯಾಪ್‌ಟಾಪ್ ಹಿಡಿದು ಕೂರಬೇಕು. ಹಳೆಯದಾದರೆ ಸ್ಪ್ಯಾನರ್ ಸೆಟ್ಟು, ಫಿಲ್ಟರು, ಅನುಭವ ಇದ್ದರೆ ಮರದ ಕೆಳಗೇ ಎಬ್ಬಿಸಬಹುದು. ನಾನು ಹಳೆಯದರ ಪರವಾಗಿಯೇ ನಿಂತೆ. ಹೊಸದು ಟಾರಿನ ಮೇಲೆ ಓಡಲಿ, ಜುಬಾದಲ್ಲಿ. ಕೊನೆಗೆ ಹಾಗೇ ಆಯಿತು.

ಆ ಅನುಭವ ಇರುವುದು ಯಾರ ಬಳಿ? ಇಲ್ಲಿಯ ಮೆಕ್ಯಾನಿಕ್‌ಗಳ ಬಳಿ. ನನ್ನಂಥವರು ಎರಡು ಮೂರು ವರ್ಷ ಇದ್ದು ಬೇರೆ ಮಿಷನ್ನಿಗೆ ಹೋಗುತ್ತೇವೆ. ಸೈನಿಕರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ದಕ್ಷಿಣ ಸುಡಾನಿನ ಈ ಹುಡುಗರು, ಈಗ ಹುಡುಗರೇನಲ್ಲ, ಮಿಷನ್ ಶುರುವಾದಾಗಿನಿಂದ ಇಲ್ಲೇ ಇದ್ದಾರೆ. ಕೆಲವರು ಅದಕ್ಕೂ ಮೊದಲು, ಸುಡಾನ್ ಒಂದೇ ದೇಶವಾಗಿದ್ದಾಗಿನ ಮಿಷನ್ನಿನಲ್ಲೂ ಕೆಲಸ ಮಾಡಿದವರು. 2013ರಲ್ಲಿ, ಮತ್ತೆ 2016ರ ಜುಲೈನಲ್ಲಿ ಜುಬಾದಲ್ಲಿ ಗುಂಡು ಹಾರಿದಾಗ ಇವರ ಮನೆಗಳೂ ಹೋದವು. ಬೇರೆ ಬೇರೆ ಬುಡಕಟ್ಟಿನವರು, ಹೊರಗೆ ಅವರ ಜನ ಒಬ್ಬರನ್ನೊಬ್ಬರು ನಂಬದ ಕಾಲ. ಒಳಗೆ ಒಂದೇ ಗಾಡಿ ಕೆಳಗೆ ಇಬ್ಬರೂ ಮಲಗಿ ಗೇರ್‌ಬಾಕ್ಸ್ ಇಳಿಸುತ್ತಾರೆ. ಮಲಕಾಲ್‌ಗೆ ಯಾವ ಗಾಡಿ ಎನ್ನುವುದಕ್ಕಿಂತ ಯಾವ ಇಬ್ಬರು ಮೆಕ್ಯಾನಿಕ್ ಹೋಗುತ್ತಾರೆ ಎನ್ನುವುದು ನನಗೆ ದೊಡ್ಡ ಪ್ರಶ್ನೆ. ಯಾರನ್ನು ಎಲ್ಲಿಗೆ ಕಳಿಸಿದರೆ ಅವರ ಜೀವಕ್ಕೆ ಅಪಾಯವಿಲ್ಲ ಎಂದು ಅವರನ್ನೇ ಕೇಳಿ ತೀರ್ಮಾನಿಸುತ್ತೇನೆ. ಪರದೆ ಮೇಲಿನ ಯಾವ ಕಾಲಮ್ಮಿನಲ್ಲೂ ಈ ಮಾಹಿತಿ ಇರುವುದಿಲ್ಲ.

ಚಾಲಕರ ವಿಷಯವೂ ಇದೆ. ಇಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ನಮ್ಮ ಭಾರತದವರು, ಕೀನ್ಯಾ, ಉಗಾಂಡದವರು ಎಡಬದಿಗೆ ಒಗ್ಗಿಕೊಂಡವರು. ಮೊಂಬಾಸಾ ಬಂದರಿನಿಂದ ನಮ್ಮ ಸಾಮಾನು ತರುವ ಲಾರಿಗಳು ನಿಮುಲೆ ಗಡಿ ದಾಟಿದ ಕೂಡಲೇ ಬದಿ ಬದಲಿಸಬೇಕು. ಅದಕ್ಕೇ ಮಿಷನ್ನಿನ ಡ್ರೈವಿಂಗ್ ಪರೀಕ್ಷೆ ಪಾಸಾಗದೆ ಯಾರಿಗೂ ಕೀಲಿ ಇಲ್ಲ, ಎಷ್ಟು ದೊಡ್ಡ ಅಧಿಕಾರಿಯಾದರೂ ಸರಿ. ಗಾಡಿಯೊಳಗೆ ಕಾರ್‌ಲಾಗ್ ಎನ್ನುವ ಯಂತ್ರ ಇರುತ್ತದೆ. ಚಾಲಕ ತನ್ನ ಕಾರ್ಡ್ ಉಜ್ಜಬೇಕು. ಯಾರು ಓಡಿಸಿದರು, ಎಷ್ಟು ದೂರ, ಎಷ್ಟು ವೇಗ, ಎಲ್ಲವೂ ದಾಖಲು. ಇದು ಕಿರಿಕಿರಿ ಎಂದು ದೂರುವವರಿದ್ದಾರೆ. ನಾನು ಒಪ್ಪುವುದಿಲ್ಲ. 1948ರಿಂದ ಶಾಂತಿಪಾಲನೆಯಲ್ಲಿ ಪ್ರಾಣ ಬಿಟ್ಟವರು 3,800ಕ್ಕೂ ಜಾಸ್ತಿ. ಅದರಲ್ಲಿ ದಾಳಿಯಲ್ಲಿ ಸತ್ತವರಿಗಿಂತ ಅಪಘಾತದಲ್ಲಿ ಸತ್ತವರೇ ಹೆಚ್ಚು, ವಿಮಾನ, ಹೆಲಿಕಾಪ್ಟರ್ ಅಪಘಾತವೂ ಸೇರಿ. ನಮ್ಮ ಗಾಡಿಗೆ ಸಿಕ್ಕಿದ ಹಳ್ಳಿಯ ಮಗು ಆ ಲೆಕ್ಕದಲ್ಲಿ ಇಲ್ಲ. ಕಾಪಾಡಲು ಬಂದವರ ಚಕ್ರಕ್ಕೆ ಒಂದು ಮಗು ಸಿಕ್ಕರೆ ಆ ಊರಿಗೆ ಮತ್ತೆ ಯಾವ ಮುಖ ಇಟ್ಟುಕೊಂಡು ಹೋಗುವುದು? ವೇಗ ಮೀರಿದವರ ಪರ್ಮಿಟ್ ಅಮಾನತು ಮಾಡುವ ಕಾಗದಕ್ಕೆ ಸಹಿ ಹಾಕಲು ನನಗೆ ಯಾವತ್ತೂ ಸಂಕೋಚ ಆಗಿಲ್ಲ.

ದಾಳಿಯ ಭಯ ಇಲ್ಲವೆಂದಲ್ಲ. 2013ರ ಏಪ್ರಿಲ್ 9ರಂದು ಜೊಂಗ್ಲೈನ ಗುಮುರುಕ್ ಬಳಿ ವಿಶ್ವಸಂಸ್ಥೆಯ ಕಾನ್ವಾಯ್ ಮೇಲೆ ಹೊಂಚು ಹಾಕಿ ದಾಳಿ ಮಾಡಿದರು. ಕಾವಲಿಗಿದ್ದ ಐವರು ಭಾರತೀಯ ಸೈನಿಕರು, ಜೊತೆಗೆ ಏಳು ಮಂದಿ ನಾಗರಿಕ ಕೆಲಸಗಾರರು ಸತ್ತರು. ಕಾನ್ವಾಯ್ ಯೋಜನೆ ಮಾಡುವಾಗ ಆ ದಿನ ನೆನಪಿಗೆ ಬರುತ್ತದೆ. ಕಾಡಿನ ದಾರಿಯಲ್ಲಿ ಒಂದು ಲಾರಿಯ ಸ್ಪ್ರಿಂಗ್ ಪಟ್ಟಿ ಮುರಿದರೆ ಇಡೀ ಸಾಲು ನಿಲ್ಲಬೇಕು. ನಿಂತ ಕಾನ್ವಾಯ್ ಸುಲಭದ ಗುರಿ. ಹೊರಡುವ ಹಿಂದಿನ ದಿನ ಪ್ರತಿ ಸ್ಪ್ರಿಂಗನ್ನೂ ಕೈ ಮುಟ್ಟಿ ನೋಡಿ ಎಂದು ನಾನು ಒತ್ತಾಯ ಮಾಡುವುದು ಅದಕ್ಕೇ.

ಜೂನ್ 30ಕ್ಕೆ ನಮ್ಮ ಹಣಕಾಸು ವರ್ಷ ಮುಗಿಯುತ್ತದೆ. ಕಾಗದಪತ್ರ ಗುಡ್ಡದಷ್ಟಿದೆ. ಅದರ ಬಗ್ಗೆ ಬರೆಯುವುದೇನೂ ಇಲ್ಲ. ಗುಜರಿ ಪಟ್ಟಿಯದ್ದು ಒಂದೇ ಮಾತು. ಆಯುಷ್ಯ ಮುಗಿದ ಗಾಡಿಗಳನ್ನು ವಿಲೇವಾರಿಗೆ ಬರೆಯುವ ಮೊದಲು, ಬಿಚ್ಚಿ ಬಳಸಬಹುದಾದ ಸ್ಟಾರ್ಟರ್, ಆಲ್ಟರ್ನೇಟರ್, ಆಕ್ಸಲ್‌ಗಳನ್ನು ಅನುಮತಿ ಪಡೆದು, ದಾಖಲೆ ಮಾಡಿ ತೆಗೆದಿಡಲು ಹೇಳಿದ್ದೇನೆ. ಮಳೆಗಾಲದ ಮಧ್ಯದಲ್ಲಿ ಒಂದು ಹಳೆ ಸ್ಟಾರ್ಟರ್ ಆಂಬುಲೆನ್ಸ್ ಒಂದನ್ನು ಎಬ್ಬಿಸಬಹುದು, ಅಲ್ವಾ?

ಬಾರ್ಜಿಗೆ ಕೊನೆಗೆ ಹತ್ತುವುದು ಇವು. ಒಂದು ನೀರಿನ ಟ್ಯಾಂಕರ್. ಒಂದು ಆಂಬುಲೆನ್ಸ್. ಅಲ್ಲಿ ಭಾರತ ಸೇನೆಯ ವೈದ್ಯರು ನಡೆಸುವ ಆಸ್ಪತ್ರೆ ಇದೆ, ಹೆಲಿಪ್ಯಾಡಿನಿಂದ ಅಲ್ಲಿಗೆ ರೋಗಿಯನ್ನು ಸಾಗಿಸಬೇಕು. ಹಳೆ ಲ್ಯಾಂಡ್ ಕ್ರೂಸರ್‌ಗಳು, ಉಳಿದ ಜಾಗ ಹಿಡಿಸುವಷ್ಟು. ಕೆಸರಿನ ಟೈರು, ವಿಂಚ್ ಹಗ್ಗ, ಸ್ಪ್ರಿಂಗ್ ಪಟ್ಟಿ, ಬ್ಯಾಟರಿ. ಅಲ್ಲಿಯವರು ಒಂದು ಆಫೀಸ್ ಕಾರು ಕೇಳಿದ್ದರು, ಅದನ್ನು ತೆಗೆದು ಆ ಜಾಗಕ್ಕೆ ಫೋರ್ಕ್‌ಲಿಫ್ಟ್ ಹಾಕಿದೆ. ದಡದಲ್ಲಿ ಸಾಮಾನು ಇಳಿಸಲು ಅದಿಲ್ಲದೆ ಆಗುವುದಿಲ್ಲ. ಬೇಸರ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ, ನಾಳೆ ಫೋನ್ ಮಾಡಿ ವಿವರಿಸುತ್ತೇನೆ. ಮೆಕ್ಯಾನಿಕ್‌ಗಳಿಬ್ಬರೂ ಮಂಗಳವಾರದ ಹೆಲಿಕಾಪ್ಟರ್‌ನಲ್ಲಿ ಹೋಗುತ್ತಾರೆ. ಬಾರ್ಜ್ ತಲುಪುವ ಹೊತ್ತಿಗೆ ಅಲ್ಲಿನ ನಿಂತ ಟ್ಯಾಂಕರ್‌ಗಳನ್ನು ನೋಡಿಟ್ಟಿರುತ್ತಾರೆ.

ಇಂಧನ ಫಿಲ್ಟರ್‌ಗಳ ಪೆಟ್ಟಿಗೆ ಮಾತ್ರ ಇನ್ನೂ ಬಂದಿಲ್ಲ, ಲಾರಿ ನಿಮುಲೆಯಲ್ಲಿ ನಿಂತಿದೆ. ಬುಧವಾರದೊಳಗೆ ಬಂದರೆ ಇದೇ ಬಾರ್ಜಿಗೆ ಹತ್ತಿಸುತ್ತೇವೆ. ಬರದಿದ್ದರೆ ಜುಬಾದ ಸ್ಟಾಕಿನಲ್ಲಿರುವುದನ್ನೇ ಮಲಕಾಲ್‌ಗೆ ಕೊಟ್ಟುಬಿಡುತ್ತೇನೆ. ನಮಗೆ ನಿಮುಲೆಯಿಂದ ಟಾರು ರಸ್ತೆ ಇದೆ. ನಾವು ಒಂದು ವಾರ ಕಾಯಬಹುದು.