ಗೆನ್ ಮನೆ ಬದಲಾಯಿಸಿದ ಕಥೆ

ಪಿಎಚ್‌ಡಿಯ ಮೊದಲ ವರ್ಷ ಒಂದು ಎಕ್ಸೆಲ್ ಶೀಟ್ ಮಾಡಿಕೊಂಡಿದ್ದೆ. ಎಡಗಡೆ ಮಾಂಗಾಗಳ ಹೆಸರು, ಮೇಲ್ಗಡೆ ಕಾಲಂಗಳು: ಯುದ್ಧ, ರಾಷ್ಟ್ರ, ಚಕ್ರವರ್ತಿ, ವರ್ಗ, ಪ್ರಜಾಪ್ರಭುತ್ವ. ಪಾತ್ರಗಳ ಬಾಯಲ್ಲಿ ಈ ಮಾತುಗಳು ಬಂದ ಕಡೆಯೆಲ್ಲ ಪುಟಸಂಖ್ಯೆ ಹಾಕುತ್ತಾ ಹೋಗುವುದು. 1,200 ಸಾಲು ಆಯಿತು. ಜಪಾನಿ ಕಾಮಿಕ್ಸ್‌ನಲ್ಲಿ ರಾಜಕೀಯ ವಿಚಾರ ಅನ್ನೋದೇ ನನ್ನ ವಿಷಯ. ವಿಚಾರಗಳನ್ನು ಹೆಕ್ಕಿ ಹೆಕ್ಕಿ ಇಟ್ಟಿದ್ದೀನಲ್ಲ, ಇನ್ನೇನು ಬೇಕು ಅಂದುಕೊಂಡೆ.

ಶೀಟನ್ನು ಸೆನ್ಸೇಗೆ ತೋರಿಸಿದೆ. ನಮ್ಮಲ್ಲಿ ಗೈಡ್ ಅನ್ನುತ್ತೇವಲ್ಲ, ಇಲ್ಲಿ ಜಪಾನಿನಲ್ಲಿ ಅವರು ಸೆನ್ಸೇ. ನಿಧಾನವಾಗಿ ಕೆಳಗಿನವರೆಗೂ ನೋಡಿದರು. ಕೇಳಿದ್ದು ಒಂದೇ ಪ್ರಶ್ನೆ, ಶೀಟಿನಲ್ಲಿದ್ದ ಒಂದು ಮಾಂಗಾದ ಹುಡುಗ ಗೆನ್ ಬಗ್ಗೆ: "ಗೆನ್ ಕಥೆಯನ್ನು ನೀವು ಎಲ್ಲಿ ಓದಿದಿರಿ?"

"ಪುಸ್ತಕದಲ್ಲಿ. ಹತ್ತೂ ಸಂಪುಟ ಓದಿದ್ದೀನಿ" ಅಂದೆ.

ಆಮೇಲೆ ಮೌನ. ಮಾಂಗಾದಲ್ಲಿ ಮೌನಕ್ಕೂ ಒಂದು ಸದ್ದಿದೆ. "ಶೀನ್" ಅಂತ ಚಿತ್ರದೊಳಗೇ ಬರೆದುಬಿಡುತ್ತಾರೆ. ಆವತ್ತು ಆ ಕೋಣೆಯಲ್ಲಿ ಯಾರೋ ಅದನ್ನು ಈ ಗೋಡೆಯಿಂದ ಆ ಗೋಡೆವರೆಗೂ ಬರೆದ ಹಾಗಿತ್ತು.

ಅವರು ಏನು ಕೇಳಿದ್ದು ಅಂತ ಅರ್ಥವಾಗಲು ನನಗೆ ಒಂದು ತಿಂಗಳು ಬೇಕಾಯಿತು. ಮಾಂಗಾ ಸಾಮಾನ್ಯವಾಗಿ ಮೊದಲು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತದೆ. ಆಮೇಲೆ ಕಂತುಗಳನ್ನು ಸೇರಿಸಿ ತಾಂಕೋಬೊನ್ ಅನ್ನೋ ಪುಸ್ತಕ ಮಾಡುತ್ತಾರೆ. ಪುಸ್ತಕದಲ್ಲಿ ಕಥೆ ಮಾತ್ರ ಉಳಿಯುತ್ತದೆ. ಪಕ್ಕದ ಕಥೆಗಳು, ಜಾಹೀರಾತು, ಓದುಗರ ಪತ್ರ, ಅಂಚಿನಲ್ಲಿದ್ದ ಸಂಪಾದಕರ ಒಂದು ಸಾಲು, ಎಲ್ಲ ಹೋಗಿರುತ್ತದೆ. ನಾನು ಓದಿದ್ದು ಸಿಪ್ಪೆ ಸುಲಿದ ಹಣ್ಣು.

ನಾಕಾಜಾವಾ ಕೇಜಿಯ "ಹದಾಶಿ ನೊ ಗೆನ್", ಅಂದರೆ ಬರಿಗಾಲ ಗೆನ್, ಹಿರೋಶಿಮಾದ ಬಾಂಬಿನಲ್ಲಿ ಬದುಕುಳಿದ ಹುಡುಗನ ಕಥೆ. ನಾಕಾಜಾವಾ ಕೂಡ ಬಾಂಬ್ ಬಿದ್ದಾಗ ಅಲ್ಲೇ ಇದ್ದವರು, ಆಗ ಆರು ವರ್ಷ. ಕಥೆ ಶುರುವಾಗಿದ್ದು 1973ರಲ್ಲಿ, ವಾರಪತ್ರಿಕೆ ಶೋನೆನ್ ಜಂಪ್‌ನಲ್ಲಿ. ಇದು ಹುಡುಗರ ಪತ್ರಿಕೆ, ಗೆಳೆತನ, ಶ್ರಮ, ಗೆಲುವು ಅನ್ನೋದು ಇದರ ಮಂತ್ರ. 1974ರಲ್ಲಿ ಅಲ್ಲಿಂದ ಹೊರಬಿತ್ತು. ಮುಂದೆ "ಶಿಮಿನ್" ಅನ್ನೋ ಪತ್ರಿಕೆಗೆ ಹೋಯಿತು, ಹೆಸರಿನ ಅರ್ಥವೇ ನಾಗರಿಕ. ಅಲ್ಲಿಂದ "ಬುಂಕಾ ಹ್ಯೋರೊನ್"ಗೆ, ಅದು ಜಪಾನಿನ ಕಮ್ಯುನಿಸ್ಟ್ ಪಕ್ಷದ್ದು. ಕೊನೆಗೆ "ಕ್ಯೋಯಿಕು ಹ್ಯೋರೊನ್"ಗೆ, ಅದು ಶಿಕ್ಷಕರ ಸಂಘದ್ದು. ಒಂದೇ ಹುಡುಗ, ನಾಲ್ಕು ಮನೆ. ನನ್ನ ಶೀಟಿನಲ್ಲಿ ಅವನಿಗಿದ್ದಿದ್ದು ಒಂದೇ ವಿಳಾಸ.

ಪತ್ರಿಕೆಯನ್ನೇ ನೋಡೋಣ ಅಂತ ಕ್ಯೋತೊದ ಅಂತಾರಾಷ್ಟ್ರೀಯ ಮಾಂಗಾ ಮ್ಯೂಸಿಯಂಗೆ ಹೋಗಲು ಶುರು ಮಾಡಿದೆ. ಹಳೆಯ ಪ್ರೈಮರಿ ಶಾಲೆಯ ಕಟ್ಟಡವನ್ನು 2006ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ನಡೆದರೆ ಮರದ ನೆಲ ಕಿರುಗುಟ್ಟುತ್ತದೆ. ಹೊರಗೆ ಹುಲ್ಲಿನ ಮೇಲೆ ಜನ ಮಲಗಿಕೊಂಡು ಓದುತ್ತಿರುತ್ತಾರೆ. ನಾನು ಮಾತ್ರ ಒಳಗೆ ಪೆನ್ಸಿಲ್ ಹಿಡಿದು ಕೂತಿರುತ್ತೇನೆ. ಅಮ್ಮ ಫೋನಿನಲ್ಲಿ "ಅಷ್ಟು ದೂರ ಹೋಗಿ ಬೊಂಬೆ ಪುಸ್ತಕ ಓದ್ತಿದ್ಯಾ?" ಅಂತ ಕೇಳಿದಾಗ ಹುಲ್ಲಿನ ಮೇಲಿನವರ ವಿಷಯ ಹೇಳಲಿಲ್ಲ.

ಐವತ್ತು ವರ್ಷದ ಹಿಂದಿನ ಜಂಪ್ ಅಂದರೆ ಒರಟು ಕಾಗದ. ಅಂಚು ಕಂದು ಬಣ್ಣಕ್ಕೆ ತಿರುಗಿದೆ. ಪುಟ ತಿರುಗಿಸಿದರೆ ಮೇಜಿನ ಮೇಲೆ ಪುಡಿ ಉದುರುತ್ತದೆ. ಜಾಸ್ತಿ ಉಸಿರು ಬಿಡುವುದಕ್ಕೂ ಭಯ. ಮೊದಲ ದಿನ ಕಥೆ ಓದಲೇ ಇಲ್ಲ, ಸುಮ್ನೆ ಪುಟ ತಿರುಗಿಸಿದೆ. ಗೆನ್ ಶುರುವಾದ ಆ ವಾರಗಳಲ್ಲಿ ಅದೇ ಪತ್ರಿಕೆಯಲ್ಲಿ ನಾಗಾಯಿ ಗೋ ಅವರ "ಮಾಜಿಂಗರ್ ಝಡ್" ಕೂಡ ಬರುತ್ತಿತ್ತು. ದೈತ್ಯ ರೋಬೊ, ತಲೆಯಲ್ಲಿ ಕೂತು ಅದನ್ನು ಓಡಿಸುವ ಹುಡುಗ. ಅಲ್ಲಿ ಊರೆಲ್ಲ ಧೂಳೀಪಟವಾದರೂ ಓದೋ ಮಕ್ಕಳಿಗೆ ಖುಷಿ. ನಾಲ್ಕಾರು ಪುಟ ಆಚೆ, ಗೆನ್ ಕಥೆಯಲ್ಲೂ ಒಂದು ಊರು ಇದೆ. ಅದು ಏನಾಗುತ್ತದೆ ಅಂತ ಅದೇ ಮಕ್ಕಳು ವಾರಗಟ್ಟಲೆ ಕಾಯಬೇಕು. ಪುಸ್ತಕದಲ್ಲಿ ಈ ಕಾಯುವಿಕೆಯೂ ಇಲ್ಲ, ರೋಬೊನೂ ಇಲ್ಲ.

ಒಂದು ಪದ ನನ್ನನ್ನು ಗಂಟೆಗಟ್ಟಲೆ ಹಿಡಿದಿಟ್ಟಿತು: ಹಿಕೊಕುಮಿನ್. ಈ ದೇಶದವನೇ ಅಲ್ಲ ಅನ್ನೋ ಬೈಗುಳ. ಯುದ್ಧ ಬೇಡ ಅನ್ನುವ ಗೆನ್‌ನ ಅಪ್ಪನಿಗೆ ನೆರೆಹೊರೆಯವರು ಹೀಗೆ ಬೈಯುತ್ತಾರೆ. ಪುಸ್ತಕ ಓದುವಾಗ "ರಾಷ್ಟ್ರ" ಕಾಲಂಗೆ ಹಾಕಿ ಮುಂದೆ ಹೋಗಿದ್ದೆ. ಜಂಪ್ ಹುಡುಗರ ಪತ್ರಿಕೆಯಾದ್ದರಿಂದ ಪ್ರತಿ ಕಾಂಜಿ (ಚೀನಾ ಮೂಲದ) ಅಕ್ಷರದ ಪಕ್ಕ ಅದನ್ನು ಹೇಗೆ ಓದಬೇಕು ಅಂತ ಸಣ್ಣ ಅಕ್ಷರದಲ್ಲಿ ಕೊಟ್ಟಿರುತ್ತಾರೆ. ಅದು ಫುರಿಗಾನಾ. ಈ ಬೈಗುಳಕ್ಕೂ ಇದೆ. ಹಿ, ಕೊ, ಕು, ಮಿ, ನ್. 1973ರ ಹತ್ತು ವರ್ಷದ ಹುಡುಗ ಯುದ್ಧ ಕಂಡವನಲ್ಲ. ಅವನು ಈ ಪದವನ್ನು ಅಕ್ಷರ ಕೂಡಿಸಿಕೊಂಡು ಬಾಯಲ್ಲಿ ಹೇಳಿ ನೋಡಿರುತ್ತಾನೆ. ಮನೆಯಲ್ಲಿ "ಹಾಗಂದ್ರೇನು?" ಅಂತ ಕೇಳಿರಲೂಬಹುದು. ಆ ಮನೆಯ ಅಪ್ಪ ಅಥವಾ ಅಜ್ಜ 1944ರಲ್ಲಿ ಯಾರಿಗಾದರೂ ಆ ಮಾತು ಹೇಳಿದ್ದರೋ ಏನೋ. ಇದಕ್ಕೆ ಯಾವ ಕಾಲಂ ಹಾಕಲಿ?

ಕೆಲವರು ನನ್ನನ್ನು ಕೇಳುತ್ತಾರೆ, ಮಾಂಗಾ ಎಡವೋ ಬಲವೋ ಅಂತ. ಎರಡೂ ಇದೆ ಮಾರಾಯ್ರೆ. 1998ರ ಕೊಬಾಯಾಶಿ ಯೋಶಿನೊರಿಯ "ಸೆನ್ಸೋರೊನ್" ಜಪಾನಿನ ಯುದ್ಧವನ್ನು ಸಮರ್ಥಿಸುವ ಮಾಂಗಾ. ಅದರಲ್ಲಿ ಲೇಖಕರೇ ಪಾತ್ರವಾಗಿ ಬಂದು ವಾದ ಮಾಡುತ್ತಾರೆ. ನನ್ನ ಹಳೆಯ ಶೀಟಿಗೆ ಹೇಳಿ ಮಾಡಿಸಿದ ಪುಸ್ತಕ, ಕಾಲಂಗಳೆಲ್ಲ ತುಂಬಿ ಹೋಗುತ್ತವೆ. ಅದಕ್ಕೇ ಈಗ ನನಗೆ ಅದರ ಮೇಲೆ ಆಸಕ್ತಿ ಕಡಿಮೆ.

ಇದಕ್ಕೆ ಪೂರ್ತಿ ಉಲ್ಟಾ "ಅಶಿತಾ ನೊ ಜೋ", ನಾಳಿನ ಜೋ. ಬಾಕ್ಸಿಂಗ್ ಕಥೆ, 1968ರಿಂದ ಶೋನೆನ್ ಮ್ಯಾಗಜೀನ್‌ನಲ್ಲಿ ಬಂತು. ರಾಜಕೀಯ ಭಾಷಣ ಹೊಡೆಯೋದು ಜೋನ ಕೆಲಸವಲ್ಲ, ಅವನು ಹೊಡೆತ ತಿಂದು ಮತ್ತೆ ಏಳುತ್ತಾನೆ ಅಷ್ಟೆ. ಆದರೆ ಅದು ಕ್ಯಾಂಪಸ್‌ಗಳಲ್ಲಿ ಗಲಾಟೆಯ ಕಾಲ. ಬಲಗೈಯಲ್ಲಿ ಗಂಭೀರ ವಿಚಾರಗಳ ವಾರಪತ್ರಿಕೆ ಅಸಾಹಿ ಜರ್ನಲ್, ಎಡಗೈಯಲ್ಲಿ ಶೋನೆನ್ ಮ್ಯಾಗಜೀನ್ ಅಂತ ವಿದ್ಯಾರ್ಥಿಗಳ ಬಗ್ಗೆ ಮಾತಿತ್ತು. ಜೋನ ಎದುರಾಳಿ ರಿಕಿಇಶಿ ಕಥೆಯಲ್ಲಿ ಸತ್ತಾಗ, 1970ರ ಮಾರ್ಚ್ 24ರಂದು ಪ್ರಕಾಶನ ಸಂಸ್ಥೆ ಕೋದಾನ್ಶಾದಲ್ಲಿ ನಿಜವಾಗಿಯೂ ಅಂತ್ಯಕ್ರಿಯೆ ನಡೆಯಿತು. ಕವಿ ತೆರಾಯಾಮಾ ಶೂಜಿ ಮುಂದೆ ನಿಂತು ನಡೆಸಿದರು, ಸುಮಾರು 700 ಜನ ಬಂದರು. ಒಂದೇ ವಾರದಲ್ಲಿ, ಮಾರ್ಚ್ 31ಕ್ಕೆ, ರೆಡ್ ಆರ್ಮಿ ಅನ್ನೋ ಉಗ್ರ ಎಡಪಂಥೀಯ ಬಣದ ಒಂಬತ್ತು ಜನ ಯೋದೊ ಅನ್ನೋ ವಿಮಾನ ಅಪಹರಿಸಿ ಉತ್ತರ ಕೊರಿಯಾಗೆ ಹೋದರು. ಅವರ ಹೇಳಿಕೆಯಲ್ಲಿ ಇದ್ದ ಸಾಲು: ನಾವು ನಾಳಿನ ಜೋ. ನನ್ನ ಶೀಟಿನಲ್ಲಿ ಜೋನ ಸಾಲು ಪೂರ್ತಿ ಖಾಲಿ ಇತ್ತು.

ಗೆನ್ ವಿಷಯಕ್ಕೆ ವಾಪಸ್ ಬರುತ್ತೇನೆ. 2012ರ ಡಿಸೆಂಬರ್‌ನಲ್ಲಿ ಮಾತ್ಸುಎ ನಗರದ ಶಿಕ್ಷಣ ಮಂಡಳಿ ಈ ಪುಸ್ತಕವನ್ನು ಮಕ್ಕಳ ಕೈಗೆ ಸುಲಭವಾಗಿ ಸಿಗದಂತೆ ಒಳಗಿಡಿ ಅಂತ ಶಾಲಾ ಲೈಬ್ರರಿಗಳಿಗೆ ಹೇಳಿತು. ಗದ್ದಲ ಎದ್ದು 2013ರ ಆಗಸ್ಟ್‌ನಲ್ಲಿ ವಾಪಸ್ ತೆಗೆದುಕೊಂಡಿತು. ಆಕ್ಷೇಪ ಇದ್ದಿದ್ದು ಜಪಾನಿ ಸೈನಿಕರ ಕ್ರೌರ್ಯದ ಚಿತ್ರಗಳ ಬಗ್ಗೆ. ಅವು ಬರುವುದು ಕೊನೆಕೊನೆಯ ಭಾಗದಲ್ಲಿ, ಅಂದರೆ ಗೆನ್ ಜಂಪ್ ಬಿಟ್ಟು ಎಷ್ಟೋ ವರ್ಷದ ಮೇಲೆ. ದೊಡ್ಡವರ ಪತ್ರಿಕೆಯಲ್ಲಿ, ದೊಡ್ಡವರಿಗಾಗಿ ಬರೆದ ಪುಟಗಳು ಪುಸ್ತಕವಾಗಿ ಶಾಲೆಗೆ ಬಂದವು. ಒಂದೇ ಬೈಂಡಿಂಗ್, ಒಂದೇ ಕಪಾಟು. ತೆಗೆದಿಟ್ಟಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಆದರೆ ಈ ಮನೆ ಬದಲಾವಣೆ ನೋಡದೆ ಜಗಳ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. 2023ರಲ್ಲಿ ಹಿರೋಶಿಮಾ ನಗರವೇ ತನ್ನ ಶಾಂತಿ ಪಾಠದಿಂದ ಗೆನ್‌ನನ್ನು ಕೈಬಿಟ್ಟಿತು. ಅಲ್ಲಿ ಚರ್ಚೆಗೆ ಬಂದ ಒಂದು ದೃಶ್ಯ, ಬಸುರಿ ಅಮ್ಮನಿಗಾಗಿ ಗೆನ್ ಮೀನು ಕದಿಯೋದು. ಅದಂತೂ ಜಂಪ್ ಕಾಲದ್ದು.

ಹಳೆಯ ಶೀಟನ್ನು ಅಳಿಸಿಲ್ಲ. ಕಾಲಂಗಳನ್ನು ಬದಲಾಯಿಸಿದ್ದೇನೆ: ಪತ್ರಿಕೆ, ಸಂಚಿಕೆ, ಹಿಂದಿನ ಕಥೆ, ಮುಂದಿನ ಕಥೆ, ಜಾಹೀರಾತು, ಫುರಿಗಾನಾ ಇದೆಯೋ ಇಲ್ಲವೋ. 1,200 ಸಾಲಲ್ಲಿ ಇಲ್ಲಿವರೆಗೆ ಸರಿಮಾಡಿದ್ದು 86. ಸೆನ್ಸೇ ಮೊನ್ನೆ ನೋಡಿ "ನಾರುಹೊದೊ" ಅಂದರು. ಓಹೋ ಹಾಗಾ, ಅಂದ ಹಾಗೆ. ಅವರ ಲೆಕ್ಕದಲ್ಲಿ ಅದು ಹೊಗಳಿಕೆ ಅಂತ ಸೀನಿಯರ್‌ಗಳು ಹೇಳಿದರು, ನಂಬಿದ್ದೇನೆ.

ಕಳೆದ ವಾರ ತೆಗೆಸಿದ ಸಂಚಿಕೆಯಲ್ಲಿ ಒಂದು ಪುಟದ ಮೂಲೆ ಇರಲಿಲ್ಲ. ಹರಿದದ್ದಲ್ಲ, ಕತ್ತರಿಯಿಂದ ಚೌಕವಾಗಿ ಕತ್ತರಿಸಿದ್ದು. ಬಹುಮಾನದ ಚೀಟಿ ಇದ್ದಿರಬೇಕು. ಜಂಪ್‌ನಲ್ಲಿ ಓದುಗರು ಯಾವ ಕಥೆ ಇಷ್ಟ ಅಂತ ಕಾರ್ಡ್ ಬರೆದು ಕಳಿಸುತ್ತಾರೆ, ಆ ವೋಟಿನ ಮೇಲೆ ಕಥೆ ಇರಬೇಕೋ ಹೋಗಬೇಕೋ ನಿರ್ಧಾರವಾಗುತ್ತದೆ. ಈ ಹುಡುಗ ಕಾರ್ಡಿನಲ್ಲಿ ಯಾರ ಹೆಸರು ಬರೆದನೋ, ರೋಬೊದ್ದೋ, ಗೆನ್‌ದ್ದೋ. ಒಂದು ಗೆರೆ ಮಾತ್ರ ಸೊಟ್ಟಗೆ ಹೋಗಿತ್ತು. ಶೀಟಿನಲ್ಲಿ ಹೊಸ ಕಾಲಂ ಒಂದನ್ನು ಸೇರಿಸಿ, ಮೇಲೆ "ಕತ್ತರಿ" ಅಂತ ಬರೆದೆ.