ಬೀರುವಿನೊಳಗಿನ ಬುರುಡೆ

ಶಾಲೆಯ ಲೈಬ್ರರಿ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಚಿಕೆಯವರು ಫೋನ್ ಮಾಡಿದಾಗ ಹೂಂ ಅಂದುಬಿಟ್ಟೆ. ಆಮೇಲೆ ಕೂತು ಯೋಚಿಸಿದರೆ ನೆನಪಾಗಿದ್ದು ಒಂದೇ, ಅದೂ ನಾನು ಮಾಡಿದ ಒಂದು ಕಿತಾಪತಿ. ನಲವತ್ತು ವರ್ಷವಾಯಿತು. ಈಗ ಹೇಳಿದರೆ ಯಾರೂ ಟಿ.ಸಿ. ಕೊಟ್ಟು ಕಳಿಸಲಾರರು.

ಆಗ ಲೈಬ್ರರಿ ಅಂದರೆ ಸ್ಟಾಫ್ ರೂಮಿನ ಪಕ್ಕದ ಇಕ್ಕಟ್ಟು ಜಾಗದಲ್ಲಿದ್ದ ಎರಡು ಕಬ್ಬಿಣದ ಬೀರು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಕನ್ನಡ ಮೇಷ್ಟ್ರು ಬೀಗ ತೆಗೆಯುತ್ತಿದ್ದರು. ಚಂದಮಾಮದ ಹಳೆಯ ಸಂಚಿಕೆಗಳಿಗೆ ನೂಕುನುಗ್ಗಲು. ಹೆಣವನ್ನು ಹೆಗಲ ಮೇಲೆ ಹಾಕಿಕೊಂಡು ಸ್ಮಶಾನದಲ್ಲಿ ನಡೆಯುವ ವಿಕ್ರಮನ ಚಿತ್ರ ಇದ್ದ ಪುಟ ಯಾವಾಗಲೂ ಹರಿದಿರುತ್ತಿತ್ತು. ನಾನು ಗಿಡ್ಡಿ, ಹಿಂದೆ ಉಳಿಯುತ್ತಿದ್ದೆ. ನನ್ನ ಪಾಲಿಗೆ ಬರುತ್ತಿದ್ದದ್ದು ಯಾರಿಗೂ ಬೇಡವಾದ ಪುಸ್ತಕ.

1984ರಲ್ಲಿ, ಆರನೇ ಕ್ಲಾಸಿನಲ್ಲಿದ್ದಾಗ, ಹಾಗೆ ಬಂದದ್ದು ಒಂದು ರಷ್ಯನ್ ಕತೆಗಳ ಪುಸ್ತಕ. ಆ ಕಾಲದವರಿಗೆ ಗೊತ್ತು, ಸೋವಿಯತ್ ದೇಶದಿಂದ ಕನ್ನಡದಲ್ಲೇ ಅಚ್ಚಾಗಿ ಬರುತ್ತಿದ್ದ ಪುಸ್ತಕಗಳು. ಬೆಲೆ ಕಡಿಮೆ, ಕಾಗದ ದಪ್ಪ, ಚಿತ್ರ ಅಂದರೆ ಚಿತ್ರ! ಇದರ ರಟ್ಟು ಹರಿದುಹೋಗಿತ್ತು. ಹಾಗಾಗಿ ಹೆಸರು ಇವತ್ತಿಗೂ ಗೊತ್ತಿಲ್ಲ.

ಅದರಲ್ಲಿ ವಾಸಿಲೀಸಾ ಎಂಬ ಹುಡುಗಿಯ ಕತೆ. ತಾಯಿ ಸಾಯುವಾಗ ಅವಳ ಕೈಗೆ ಒಂದು ಗೊಂಬೆ ಕೊಟ್ಟಿರುತ್ತಾಳೆ. ಒಂದು ರಾತ್ರಿ ಮನೆಯಲ್ಲಿ ದೀಪ ಆರಿಹೋಗುತ್ತದೆ. ಬಾಬಾ ಯಾಗಾ ಎಂಬ ಮುದುಕಿಯ ಹತ್ತಿರ ಬೆಂಕಿ ತಾ ಎಂದು ಮಲತಾಯಿಯ ಮನೆಯವರು ಇವಳನ್ನು ಕಾಡಿಗೆ ಅಟ್ಟುತ್ತಾರೆ. ಆ ಮುದುಕಿ ಮನುಷ್ಯರನ್ನು ತಿನ್ನುವವಳು. ಅವಳ ಗುಡಿಸಲಿಗೆ ಕೋಳಿ ಕಾಲು. ಬೇಲಿ ಪೂರ್ತಿ ಮನುಷ್ಯರ ಮೂಳೆ, ಗೂಟದ ತುದಿಗೊಂದೊಂದು ಬುರುಡೆ. ಕತ್ತಲಾದ ಕೂಡಲೇ ಎಲ್ಲ ಬುರುಡೆಗಳ ಕಣ್ಣಲ್ಲೂ ಬೆಂಕಿ ಹೊತ್ತಿಕೊಂಡಿತು. ಅಲ್ಲಿಗೆ ನಾನು ಪುಸ್ತಕ ಮುಚ್ಚಿ ಅಮ್ಮನ ಸೆರಗು ಹಿಡಿದು ಮಲಗಿದೆ.

ಮರುದಿನ ಭಾನುವಾರ. ಪಕ್ಕದ ಬೀದಿಯಲ್ಲಿ ನಮ್ಮ ಕ್ಲಾಸಿನ ಹುಡುಗನೊಬ್ಬ ಇದ್ದ. ಹೆಸರು ಬೇಡ ಬಿಡಿ. ಅವನಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು, ಅಲ್ಲೇ ಇರುತ್ತಿದ್ದರು. (ಆಗ ದಾವಣಗೆರೆಯೂ ನಮ್ಮ ಚಿತ್ರದುರ್ಗ ಜಿಲ್ಲೆಯೇ. ಬೇರೆಯಾದದ್ದು 1997ರಲ್ಲಿ.) ಮನೆಯಲ್ಲಿ ಅವನು, ಅವನ ಅವ್ವ, ಒಬ್ಬ ಚಿಕ್ಕ ತಮ್ಮ. ಅವನಿಗೆ ಓದುವುದು ನಿಧಾನ. ಕತೆ ಹೇಳೇ ಹೇಳೇ ಅಂತ ಗಂಟುಬಿದ್ದ. ನಾನು ಹೇಳಿದೆ. ಸುಮ್ನೆ ಹೇಳಿದ್ದರೆ ಆಗುತ್ತಿತ್ತು. ರಷ್ಯಾದ ಕಾಡು ಯಾಕೆ ಬೇಕು ಅಂತ ನಮ್ಮೂರ ಪಕ್ಕದ ಜೋಗಿಮಟ್ಟಿಯ ಕಾಡು ಮಾಡಿದೆ. ಕೋಳಿ ಕಾಲಿನ ಗುಡಿಸಲು ಅಮಾವಾಸ್ಯೆ ರಾತ್ರಿ ಬೆಟ್ಟ ಇಳಿದು ದುರ್ಗಕ್ಕೆ ಬರುತ್ತದೆ, ಗಂಡಸರು ಇಲ್ಲದ ಮನೆಯ ಮುಂದೆ ನಿಲ್ಲುತ್ತದೆ ಎಂದೂ ಸೇರಿಸಿದೆ. ಇದು ಪುಸ್ತಕದಲ್ಲಿ ಇರಲಿಲ್ಲ. ಅವನ ಮುಖ ನೋಡುತ್ತಾ ನೋಡುತ್ತಾ ನನ್ನ ಬಾಯಿಗೆ ಬಂದದ್ದು.

ಅವನಿಗೆ ಮೂರು ದಿನ ಜ್ವರ. ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿದರು. ನಾಲ್ಕನೇ ದಿನ ಅವನ ಅವ್ವ ಶಾಲೆಗೆ ಬಂದರು. "ಮಕ್ಳಿಗೆ ಓದಾಕೆ ಇಂಥ ಬುಕ್ಕು ಕೊಡ್ತೀರೇನ್ರಿ ಸಾ?" ಅಂತ ಆಫೀಸಿನ ಬಾಗಿಲಲ್ಲೇ ಅತ್ತರು. ಹೆಡ್ ಮೇಷ್ಟ್ರು ನನ್ನಿಂದ ಪುಸ್ತಕ ಕಿತ್ತುಕೊಂಡರು. ಆ ಶನಿವಾರ ಎರಡನೇ ಬೀರುವಿನ ಕೆಳಗಿನ ಖಾನೆಗೆ ದೆವ್ವ, ಭೂತ, ರಾಕ್ಷಸ ಇದ್ದ ಪುಸ್ತಕಗಳೆಲ್ಲ ಹೋದವು. ಬೇತಾಳನ ಸಲುವಾಗಿ ಚಂದಮಾಮವೂ ಹೋಯಿತು. ಬೀಗ ಬಿತ್ತು. ಕನ್ನಡ ಮೇಷ್ಟ್ರು ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಹುಡುಗ ಪುಸ್ತಕ ಮುಟ್ಟಿಯೇ ಇಲ್ಲ, ಹೇಳಿದ್ದು ನಾನು ಅಂತ ಬಾಯಿಬಿಟ್ಟಿದ್ದರೆ ಚಂದಮಾಮವಾದರೂ ಉಳಿಯುತ್ತಿತ್ತೋ ಏನೋ.

ತಮಾಷೆ ಏನು ಗೊತ್ತಾ? ಅದೇ ತಿಂಗಳು ನಮ್ಮನ್ನು ಕೋಟೆಗೆ ಕರೆದುಕೊಂಡು ಹೋದರು. ಹಿಡಿಂಬೇಶ್ವರನ ಗುಡಿಯಲ್ಲಿ ಹಿಡಿಂಬ ರಾಕ್ಷಸನ ಹಲ್ಲು ಅಂತ ಒಂದನ್ನು ತೋರಿಸುತ್ತಾರಲ್ಲ, ಅದನ್ನು ಸಾಲಾಗಿ ನಿಂತು ನೋಡಿದೆವು. ಭೀಮ ಅವನನ್ನು ಹೇಗೆ ಕೊಂದ ಅಂತ ಮೇಷ್ಟ್ರೇ ಹೇಳಿದರು. ಓಬವ್ವನ ಕಿಂಡಿಯ ಹತ್ತಿರ ಒಬ್ಬೊಬ್ಬರೇ ತೂರಿ ನೋಡಿದೆವು. ಕಾವಲಿನ ಗಂಡ ಊಟಕ್ಕೆ ಕೂತಿದ್ದಾನೆ, ನೀರಿಗೆ ಬಂದ ಓಬವ್ವ ಹೈದರಾಲಿಯ ಸೈನಿಕರ ಸದ್ದು ಕೇಳುತ್ತಾಳೆ, ತಲೆ ತೂರಿಸಿದವರನ್ನೆಲ್ಲ ಒನಕೆಯಿಂದ ಬಡಿದು ಬಡಿದು ಹೆಣ ಪಕ್ಕಕ್ಕೆ ಎಳೆಯುತ್ತಾಳೆ. ಇದನ್ನು ನಾವು ಸ್ಕೂಲ್ ಡೇಗೆ ನಾಟಕವನ್ನೂ ಆಡಿದೆವು. ನಾನು ಹೆಣ. ಗೋವಿನ ಹಾಡಿನ ಹುಲಿ ಹಾರಿ ನೆಗೆದು ಪ್ರಾಣ ಬಿಡುವುದು ಪಾಠದಲ್ಲೇ ಇತ್ತು. ಇವು ಯಾವುವೂ ಬೀರುವಿನ ಕೆಳಗಿನ ಖಾನೆಗೆ ಹೋಗಲಿಲ್ಲ.

ಹಿಡಿಂಬನ ಹಲ್ಲು ನೋಡಿದ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಹಿಡಿಂಬ ಸತ್ತ ಅಂತ ಗೊತ್ತಿತ್ತು. ಬುರುಡೆಗಳು ಮಾತ್ರ ಎಸ್ಸೆಸ್ಸೆಲ್ಸಿವರೆಗೂ ಬರುತ್ತಿದ್ದವು. ಪುಸ್ತಕ ಬೀಗದೊಳಗಿತ್ತು. ವಾಸಿಲೀಸಾ ಬೇಲಿಯ ಹೊರಗೇ ನಿಂತಿದ್ದಳು. ಕಣ್ಣುಗಳು ಉರಿಯುತ್ತಲೇ ಇದ್ದವು.

ಈಗ ನಾನು ದಾವಣಗೆರೆಯ ಒಂದು ಶಾಲೆಯಲ್ಲಿ ಕನ್ನಡ ಟೀಚರ್. ಲೈಬ್ರರಿಯ ಬೀಗದ ಕೈ ನನ್ನ ಬ್ಯಾಗಿನಲ್ಲೇ ಇರುತ್ತದೆ. ಹೋದ ವರ್ಷ ಒಬ್ಬ ತಂದೆ ದೆವ್ವದ ಕತೆಯ ಪುಸ್ತಕ ಹಿಡಿದುಕೊಂಡು ಬಂದರು. ಮಗಳು ರಾತ್ರಿ ಬಚ್ಚಲಿಗೆ ಒಬ್ಬಳೇ ಹೋಗುತ್ತಿಲ್ಲವಂತೆ. ಇಂಥವನ್ನೆಲ್ಲ ಶಾಲೆಯಿಂದ ತೆಗೆಯಿರಿ ಎಂದರು. ನನಗೆ ಆ ಅವ್ವನ ಅಳು ನೆನಪಾಯಿತು. ನಿದ್ದೆಗೆಟ್ಟ ಮಗುವಿನ ತಂದೆಗೆ ಓದುವ ಸ್ವಾತಂತ್ರ್ಯದ ಭಾಷಣ ಬಿಗಿಯಬಾರದು. ಕೂರಿಸಿ ಟೀ ತರಿಸಿದೆ. ಪುಸ್ತಕ ತಿರುವಿದೆ. ಅರ್ಧದಲ್ಲಿ ಬಸ್ ಟಿಕೆಟ್ ಇತ್ತು, ಗುರುತಿಗೆ. ಹುಡುಗಿ ಅಲ್ಲಿಗೇ ನಿಲ್ಲಿಸಿದ್ದಳು.

ಅವರ ಮುಂದೆಯೇ ಅವಳನ್ನು ಕರೆಸಿ, ಉಳಿದದ್ದನ್ನು ನಾನೇ ಜೋರಾಗಿ ಓದಿದೆ. ಸತ್ಯ ಹೇಳಬೇಕೆಂದರೆ ಕತೆ ಅಷ್ಟೇನೂ ಚೆನ್ನಾಗಿರಲಿಲ್ಲ. ದೆವ್ವ ಕೊನೆಗೆ ಬಾವಿಕಟ್ಟೆಯ ಮೇಲೆ ಒಣಗಲು ಹಾಕಿದ ಪಂಚೆ. ಹುಡುಗಿಗೆ ಸಿಟ್ಟೇ ಬಂತು, "ಇಷ್ಟಕ್ಕಾ ಮಿಸ್?" ಅಂದಳು. ಅಪ್ಪ ನಕ್ಕರು. ಆದರೂ ಹೋಗುವಾಗ "ತೆಗೀರಿ ಮೇಡಂ" ಅಂತ ಇನ್ನೊಮ್ಮೆ ಹೇಳಿಯೇ ಹೋದರು.

ತೆಗೆಯಲಿಲ್ಲ. ಚಿಕ್ಕ ಮಕ್ಕಳ ಕೈಗೆ ಸಿಗದ ಮೇಲಿನ ಸಾಲಿಗೆ ಇಟ್ಟೆ. ರಕ್ತ ಚೆಲ್ಲುವುದನ್ನು ಬಿಟ್ಟರೆ ಕತೆಯೇ ಇಲ್ಲದ ಒಂದೆರಡನ್ನು ದೊಡ್ಡ ಕ್ಲಾಸಿನವರಿಗೆ ಮಾತ್ರ ಅಂತ ಬರೆದಿಟ್ಟೆ. ಇದನ್ನೂ ಬ್ಯಾನ್ ಅನ್ನುವವರು ಅನ್ನಲಿ. ಯಾವ ಮಗುವಿಗೆ ಯಾವಾಗ ಏನು ಕೊಡಬೇಕು ಅಂತ ನೋಡುವುದಕ್ಕೇ ಅಲ್ವಾ ಟೀಚರ್ ಇರುವುದು? ಹೆದರಿಕೆಯ ಪುಸ್ತಕ ವಾಪಸ್ ತಂದವರನ್ನು ಒಂದೇ ಪ್ರಶ್ನೆ ಕೇಳುತ್ತೇನೆ, ಕೊನೆಗೆ ಏನಾಯ್ತು? ಗೊತ್ತಿಲ್ಲ ಅಂದರೆ ಅಲ್ಲೇ ಕೂರಿಸಿ ಓದಿಸುತ್ತೇನೆ.

ಈ ಗಲಾಟೆ ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದ ಲೈಬ್ರರಿ ಸಂಘ 1990ರಿಂದ 1999ರವರೆಗೆ ಅತಿ ಹೆಚ್ಚು ಆಕ್ಷೇಪ ಬಂದ ಪುಸ್ತಕಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನದಲ್ಲಿದ್ದದ್ದು ಮಕ್ಕಳ ದೆವ್ವದ ಕತೆಗಳ ಒಂದು ಸರಣಿ. ಅದರಲ್ಲಿ ಇದ್ದದ್ದು ಹಳೆಯ ಜನಪದ ಕತೆಗಳೇ. ಜನ ಜಾಸ್ತಿ ಹೆದರಿದ್ದು ಚಿತ್ರಗಳಿಗೆ. 2011ರಲ್ಲಿ ಪ್ರಕಾಶಕರು ಚಿತ್ರ ಬದಲಿಸಿ ಸೌಮ್ಯ ಮಾಡಿದರು. ಓದುಗರಿಗೆ ಹಿಡಿಸಲಿಲ್ಲ, ಆಮೇಲೆ ಹಳೆಯ ಚಿತ್ರಗಳೇ ವಾಪಸ್ ಬಂದವು.

ನನ್ನ ಪುಸ್ತಕ ಮಾತ್ರ ವಾಪಸ್ ಬರಲಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟವೇ ಮುರಿದುಬಿತ್ತು, ಆ ಪುಸ್ತಕಗಳೂ ನಿಂತವು. ವಾಸಿಲೀಸಾಳ ಕತೆ ಕೊನೆಗೂ ಸಿಕ್ಕಿದ್ದು ಮೊಬೈಲಿನಲ್ಲಿ, ಇಂಗ್ಲಿಷಿನಲ್ಲಿ. ಓದಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಡಿಸೆಂಬರಿನಲ್ಲಿ ನಮ್ಮ ಬ್ಯಾಚಿನವರು ಗುರುವಂದನೆ ಇಟ್ಟುಕೊಂಡಾಗ ಆ ಹುಡುಗನೂ ಬಂದಿದ್ದ. ಈಗ ಹೊಳಲ್ಕೆರೆ ಕಡೆ ಅಡಿಕೆ ತೋಟ, ತಲೆಯಲ್ಲಿ ಒಂದು ಕಪ್ಪು ಕೂದಲಿಲ್ಲ. ಊಟದ ಸಾಲಿನಲ್ಲಿ ಪಕ್ಕ ಕೂತು ಎಲ್ಲ ಒಪ್ಪಿಕೊಂಡೆ. ಜೋಗಿಮಟ್ಟಿ, ಅಮಾವಾಸ್ಯೆ, ಗಂಡಸರಿಲ್ಲದ ಮನೆ ಎಲ್ಲ ನನ್ನದೇ ಸೃಷ್ಟಿ ಎಂದೆ. ಅವನು ಹೋಳಿಗೆ ಮುರಿಯುತ್ತಾ ಕೇಳಿಸಿಕೊಂಡ. ಬೈಯಲಿಲ್ಲ.

"ಅದಿರಲಿ, ಬೆಂಕಿ ತರಾಕೆ ಹೋದ್ಲಲ್ಲ ಆ ಹುಡುಗಿ, ಆಮೇಲೆ ಏನಾದ್ಲು?" ಅಂದ.

ಹೇಳಿದೆ. ಮುದುಕಿ ಹೇಳಿದ ಕೆಲಸವನ್ನೆಲ್ಲ ತಾಯಿ ಕೊಟ್ಟ ಗೊಂಬೆ ಮಾಡಿಕೊಟ್ಟಿತು. ತಾಯಿಯ ಆಶೀರ್ವಾದ ಇರುವವರು ನನ್ನ ಮನೆಯಲ್ಲಿ ಬೇಡ ಅಂತ ಮುದುಕಿಯೇ ಅವಳನ್ನು ಹೊರಗೆ ದಬ್ಬಿದಳು. ಬೇಲಿಯಿಂದ ಒಂದು ಬುರುಡೆ ಕಿತ್ತು ಕೋಲಿಗೆ ಸಿಕ್ಕಿಸಿ, ತಗೋ ನೀನು ಕೇಳಿದ ಬೆಂಕಿ ಅಂತ ಕೈಗೆ ಕೊಟ್ಟಳು. ಹುಡುಗಿ ಕತ್ತಲ ಕಾಡಿನಲ್ಲಿ ಅದರ ಬೆಳಕಿನಲ್ಲೇ ಮನೆಗೆ ನಡೆದಳು.

"ಬುರುಡೇನೇ ಲಾಟೀನು ಮಾಡ್ಕೊಂಡ್ಲಾ?"

"ಹೂಂ."

"ನೋಡವ್ವ, ನಲವತ್ತು ವರ್ಷ ಆಯ್ತು" ಅಂದ. ಬಡಿಸುವವನನ್ನು ಕರೆದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದ.